ಬ್ಯಾಕ್ಟೀರಿಯಾ ಕೋಶಗಳಿಂದ ಪ್ಲಾಸ್ಟಿಕ್ಕನ್ನು ಬೇರ್ಪಡಿಸುವ ವಿಧಾನಗಳು

ಮಣ್ಣಿನಲ್ಲಿ ಹೂಳಿದರೆ ಕೊಳೆತು ಮಣ್ಣಿಗೇ ಸೇರಿಹೋಗುವ ಪ್ಲಾಸ್ಟಿಕ್ಕೊಂದು ಉಂಟೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳೆಲ್ಲರೂ ಇಂದು ಕೇಳಿರುತ್ತಾರೆ. ಅದನ್ನು ಕಲ್ಲೆಣ್ಣೆಯಿಂದ ತಯಾರಿಸುವುದಿಲ್ಲ. ಮಣ್ಣಿನಲ್ಲಿಯೂ ನೀರಿನಲ್ಲಿಯೂ ವಾಸಿಸುವ ಕೆಲವು ಬ್ಯಾಕ್ಟೀರಿಯಾ ತಮ್ಮ ಕೋಶದೊಳಗೆ ಅದನ್ನು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಕೊಂಡ ಸಾಮಾನಿನೊಡನೆ ಮನೆಗೆ ಬರುವ ಪಾಲಿಥೀನ್ ಚೀಲವು ಎಷ್ಟೋ ತಲೆಮಾರುಗಳವರೆಗೆ ಉಳಿಯತಕ್ಕದ್ದು. ಕರ್ನಾಟಕ ಸರ್ಕಾರವು 2016ರಲ್ಲಿಯೂ, ಭಾರತ ಸರ್ಕಾರವು 2022ರ ಜುಲೈ 1ರಿಂದ ಹಲವು ಬಗೆಯ ಒಮ್ಮೆ ಬಳಸಿ ಎಸೆಯುವ ವಸ್ತುಗಳ ವಿಷಯದಲ್ಲಿಯೂ ನಿಷೇಧವನ್ನು ವಿಧಿಸಿದ ಮೇಲೆ, ಅದರ ಸ್ಥಾನಕ್ಕೆ ಏನನ್ನು ತರಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಈ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ಕನ್ನು ಮತ್ತೆ ಮತ್ತೆ ಹೆಸರಿಸಲಾಗುತ್ತಿದೆ.

ಆದರೆ ಈ ವಿಷಯವನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳು ಮಾತ್ರ ಇರುತ್ತವೆ: ಬ್ಯಾಕ್ಟೀರಿಯಾ ಅದನ್ನು ಹೇಗೆ ತಯಾರಿಸುತ್ತವೆ ಎಂಬುದೊಂದು; ಮಣ್ಣಿನಲ್ಲಿ ಅದು ಹೇಗೆ ಕೊಳೆಯುತ್ತದೆ ಎಂಬುದು ಇನ್ನೊಂದು. ಇವೆರಡರ ನಡುವೆ ಮೂರನೆಯ ಘಟ್ಟವೊಂದಿದೆ. ಕೋಶದೊಳಗಿರುವ ವಸ್ತುವನ್ನು ಹೊರಕ್ಕೆ ತೆಗೆದು ಶುದ್ಧಮಾಡಬೇಕು. ಹೊರತೆಗೆಯುವ ಈ ಕೆಲಸವೇ ಹಲವು ಸಂದರ್ಭಗಳಲ್ಲಿ ಉತ್ಪಾದನಾ ವೆಚ್ಚದ ಬಹುದೊಡ್ಡ ಪಾಲನ್ನು ನುಂಗುತ್ತದೆ. ಅದಕ್ಕಿಂತ ಮುಖ್ಯವಾಗಿ, ವಸ್ತುವು ನಿಜವಾಗಿ ಪರಿಸರಕ್ಕೆ ಹಿತವೋ ಅಲ್ಲವೋ ಎಂಬುದು ತೀರ್ಮಾನವಾಗುವುದು ಇದೇ ಘಟ್ಟದಲ್ಲಿ. ಪ್ರಕೃತ ಲೇಖನದಲ್ಲಿ ಈ ಬೇರ್ಪಡಿಕೆಯ ವಿಧಾನಗಳನ್ನು ವಿವರಿಸಿ, ಶಿವಮೊಗ್ಗ ಮತ್ತು ಭದ್ರಾವತಿಯಂಥ ಸೀಮೆಯಲ್ಲಿ ಅವುಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ತಿಳಿಸಲು ಯತ್ನಿಸಲಾಗಿದೆ.

1. ಕೋಶದೊಳಗಿನ ಕಣಜ

1926ರಲ್ಲಿ ಪಾಸ್ಟರ್ ಸಂಸ್ಥೆಯ ಮಾರಿಸ್ ಲೆಮ್ವಾನ್ ಎಂಬ ವಿಜ್ಞಾನಿಯು ಬ್ಯಾಸಿಲಸ್ ಮೆಗಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಒಂದು ಬಿಳಿಯ ವಸ್ತುವನ್ನು ಪ್ರತ್ಯೇಕಿಸಿದನು. ಈ ಜೀವಿಗೆ ಈಚೆಗೆ ಪ್ರೀಸ್ಟಿಯ ಮೆಗಟೀರಿಯಂ ಎಂದು ಹೆಸರು ಬದಲಾಗಿದೆ. ಆ ಬಿಳಿಯ ವಸ್ತುವೇ ಪಾಲಿಹೈಡ್ರಾಕ್ಸಿಬ್ಯುಟಿರೇಟ್; ಸಂಕ್ಷೇಪವಾಗಿ ಪಿ.ಎಚ್.ಬಿ. ಹೈಡ್ರಾಕ್ಸಿಬ್ಯುಟಿರಿಕ್ ಆಮ್ಲದ ಸಾವಿರಾರು ಅಣುಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಈ ದೊಡ್ಡ ಅಣುವು ಉಂಟಾಗುತ್ತದೆ. ಇದೇ ವರ್ಗಕ್ಕೆ ಸೇರಿದ ಅನೇಕ ವಸ್ತುಗಳಿಗೆ ಒಟ್ಟಾಗಿ ಪಾಲಿಹೈಡ್ರಾಕ್ಸಿ ಆಲ್ಕನೋಯೇಟುಗಳೆಂದು ಹೆಸರು.

ಬ್ಯಾಕ್ಟೀರಿಯಾ ಇದನ್ನು ಏಕೆ ತಯಾರಿಸುತ್ತವೆ? ಮಲೆನಾಡಿನ ರೈತನು ಸುಗ್ಗಿಯಲ್ಲಿ ಮಿಕ್ಕ ಬತ್ತವನ್ನು ಕಣಜದಲ್ಲಿ ತುಂಬಿಡುವಂತೆ, ಸಕ್ಕರೆಯಂಥ ಇಂಗಾಲದ ಆಹಾರ ಹೇರಳವಾಗಿದ್ದು ಸಾರಜನಕ ಅಥವಾ ರಂಜಕದ ಕೊರತೆಯುಂಟಾದಾಗ, ಬ್ಯಾಕ್ಟೀರಿಯಾವು ಬೆಳೆದು ವಿಭಾಗವಾಗಲಾರದೆ ಮಿಕ್ಕ ಇಂಗಾಲವನ್ನು ಈ ರೂಪದಲ್ಲಿ ಕೂಡಿಡುತ್ತದೆ. ಆಹಾರವು ತೀರಿದಾಗ ಅದನ್ನೇ ಒಡೆದು ಉಣ್ಣುತ್ತದೆ. ಈ ಸಂಬಂಧವನ್ನು 1958ರಲ್ಲಿ ಎಡಿನ್‌ಬರೋದ ಮೆಕ್ರೇ ಮತ್ತು ವಿಲ್ಕಿನ್‌ಸನ್ನರು ಸ್ಪಷ್ಟಪಡಿಸಿದರು. ಇಲ್ಲಿ ಒಂದು ಎಚ್ಚರಿಕೆಯ ಮಾತುಂಟು. ಬ್ಯಾಸಿಲಸ್ ಜಾತಿಯವು ಕಷ್ಟಕಾಲದಲ್ಲಿ ಬೀಜಕಗಳನ್ನು ಕಟ್ಟುವಾಗ ಕೂಡಿಟ್ಟ ಈ ದ್ರವ್ಯವನ್ನೇ ವೆಚ್ಚಮಾಡುತ್ತವೆ. ಆದಕಾರಣ ಕೊಯ್ಲು ತಡವಾದರೆ ಕಣಜವು ಬರಿದಾಗಿರುವುದು.

ಪಿ.ಎಚ್.ಬಿ. ಕೋಶದಲ್ಲಿ ಸಣ್ಣ ಕಣಗಳಾಗಿ ಇರುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವನ್ನು ಮೈಕ್ರಾನ್ ಎನ್ನುವುದಾದರೆ, ಈ ಕಣಗಳ ಅಡ್ಡಳತೆ ಸಾಮಾನ್ಯವಾಗಿ 0.2ರಿಂದ 0.5 ಮೈಕ್ರಾನ್. ಪ್ರತಿಯೊಂದು ಕಣದ ಸುತ್ತಲೂ ಪ್ರೋಟೀನಿನ ತೆಳುವಾದ ಹೊದಿಕೆಯಿರುತ್ತದೆ, ಅದರ ಸುತ್ತ ಕೋಶರಸ, ಅದರಾಚೆ ಪೊರೆ, ಎಲ್ಲಕ್ಕೂ ಹೊರಗೆ ಗಟ್ಟಿಯಾದ ಕೋಶಭಿತ್ತಿ. ಕ್ಯುಪ್ರಿಯಾವಿಡಸ್ ನೆಕಟಾರ್ ಎಂಬ ಬ್ಯಾಕ್ಟೀರಿಯಾದಲ್ಲಿ ಒಣಗಿಸಿದ ಕೋಶದ ತೂಕದಲ್ಲಿ ನೂರಕ್ಕೆ 80 ಭಾಗದವರೆಗೂ ಪಿ.ಎಚ್.ಬಿ. ಸಂಗ್ರಹವಾಗಬಲ್ಲದು. ಹಾಗಾದರೂ ಉಳಿದ ನೂರಕ್ಕೆ 20 ಭಾಗವನ್ನು ನಿವಾರಿಸುವುದು ಸುಲಭವಲ್ಲ.

2. ದ್ರಾವಕದ ಮಾರ್ಗ

ಅಡಕೆಯನ್ನು ಸುಲಿಯುವುದು ನಮ್ಮ ಸೀಮೆಯವರಿಗೆ ಚಿರಪರಿಚಿತವಾದ ಕೆಲಸ. ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಎರಡು ಚಿಂತೆಗಳು: ಸಿಪ್ಪೆಯು ಪೂರ್ತಿಯಾಗಿ ಹೋಗಬೇಕು, ಒಳಗಿನ ಅಡಕೆಗೆ ಏಟು ತಾಗಬಾರದು. ಪಿ.ಎಚ್.ಬಿ.ಯ ಬೇರ್ಪಡಿಕೆಯಲ್ಲಿಯೂ ಚಿಂತೆಗಳು ಇವೆರಡೇ. ರಸಾಯನಶಾಸ್ತ್ರಜ್ಞನಿಗೆ ಮೂಲತಃ ಎರಡು ಮಾರ್ಗಗಳಿವೆ. ಒಂದು, ತಿರುಳನ್ನು ಕರಗಿಸಿ ಸಿಪ್ಪೆಯನ್ನು ಹಾಗೆಯೇ ಬಿಡುವುದು. ಇನ್ನೊಂದು, ಸಿಪ್ಪೆಯನ್ನು ಕರಗಿಸಿ ತಿರುಳನ್ನು ಹಾಗೆಯೇ ಉಳಿಸಿಕೊಳ್ಳುವುದು.

ಮೊದಲನೆಯದು ಹಳೆಯ ಮಾರ್ಗ. ಒಣಗಿದ ಕೋಶಗಳನ್ನು ಬಿಸಿಯಾದ ಕ್ಲೋರೋಫಾರಂನಲ್ಲಿ ಕೆಲವು ಗಂಟೆಗಳ ಕಾಲ ಇಟ್ಟರೆ ಪಿ.ಎಚ್.ಬಿ. ಅದರಲ್ಲಿ ಕರಗುತ್ತದೆ, ಪ್ರೋಟೀನು, ಕೋಶಭಿತ್ತಿಯ ಚೂರು ಮೊದಲಾದವು ಕರಗುವುದಿಲ್ಲ. ಸೋಸಿದ ದ್ರಾವಣಕ್ಕೆ ಮೆಥನಾಲನ್ನು ಸೇರಿಸಿದರೆ, ಅದರಲ್ಲಿ ಕರಗಲಾರದ ಪಿ.ಎಚ್.ಬಿ.ಯು ಬಿಳಿಯ ಎಳೆಗಳಾಗಿ ಒತ್ತರಿಸುತ್ತದೆ. ಹೀಗೆ ಪಡೆದ ವಸ್ತು ಅತ್ಯಂತ ಶುದ್ಧವಾದದ್ದು. ಸರಪಳಿಗಳೂ ಅಷ್ಟಾಗಿ ತುಂಡಾಗಿರುವುದಿಲ್ಲ. ಪ್ರಯೋಗಶಾಲೆಯಲ್ಲಿ ಇಂದಿಗೂ ಇದನ್ನೇ ಮಾನದಂಡವಾಗಿ ಇಟ್ಟುಕೊಳ್ಳುತ್ತಾರೆ.

ಆದರೆ ಪ್ರಯೋಗಶಾಲೆಯ ಸಿದ್ಧಿಯು ಕಾರ್ಖಾನೆಯ ಸಿದ್ಧಿಯಲ್ಲ. ಅದೇಕೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ದಿನಕ್ಕೆ 1000 ಟನ್ ಕಬ್ಬನ್ನು ಅರೆಯುವ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳೋಣ. ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು 4 ಭಾಗ ಕಾಕಂಬಿ ದೊರೆಯುವುದರಿಂದ 40 ಟನ್ ಕಾಕಂಬಿ ಸಿಕ್ಕುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ಉಪಯೋಗಿಸಬಲ್ಲ ಸಕ್ಕರೆಯು ಅರ್ಧಕ್ಕೆ ತುಸು ಕಡಿಮೆ, ಎಂದರೆ 18 ಟನ್ ಎಂದಿಟ್ಟುಕೊಳ್ಳಬಹುದು. ಒಂದು ಟನ್ ಪಿ.ಎಚ್.ಬಿ.ಗೆ ಸುಮಾರು 3 ಟನ್ ಸಕ್ಕರೆ ಬೇಕಾಗುವುದರಿಂದ ದಿನಕ್ಕೆ 6 ಟನ್ ಪಿ.ಎಚ್.ಬಿ. ತಯಾರಾದೀತು. ಇದನ್ನು ಕ್ಲೋರೋಫಾರಂನಲ್ಲಿ ಕರಗಿಸಹೊರಟರೆ ಹೊಸ ತೊಡಕು ಎದುರಾಗುತ್ತದೆ. ಪಿ.ಎಚ್.ಬಿ.ಯ ದ್ರಾವಣವು ನೂರಕ್ಕೆ 5 ಭಾಗವನ್ನು ದಾಟಿದರೆ ಜೇನುತುಪ್ಪದಂತೆ ಮಂದವಾಗಿ, ಸೋಸುವುದು ದುಸ್ತರವಾಗುತ್ತದೆ. ಆದ್ದರಿಂದ 100 ಲೀಟರಿಗೆ 5 ಕಿಲೋಗ್ರಾಂ ಮೀರದಂತೆ ಕರಗಿಸಬೇಕಾದರೆ, 6 ಟನ್ನಿಗೆ ದಿನವೊಂದಕ್ಕೆ 1,20,000 ಲೀಟರ್ ಕ್ಲೋರೋಫಾರಂ ಬೇಕು. ನೀರಿಗಿಂತ ಸುಮಾರು ಒಂದೂವರೆ ಪಾಲು ಭಾರವಾದ ಈ ದ್ರವದ ತೂಕವು 178 ಟನ್ನುಗಳಷ್ಟಾಗುವುದು.

ದ್ರಾವಕವನ್ನು ಆಸವನದಿಂದ ಮರಳಿ ಪಡೆಯಬಹುದಷ್ಟೆ ಎಂದು ವಾಚಕರು ಕೇಳಬಹುದು. ಪಡೆಯಬಹುದು, ಆದರೆ ಪೂರ್ತಿಯಾಗಿ ಅಲ್ಲ. ನೂರಕ್ಕೆ ಒಂದೇ ಭಾಗ ಸೋರಿಹೋದರೂ ದಿನಕ್ಕೆ 1200 ಲೀಟರ್ ಗಾಳಿಗೋ ನೀರಿಗೋ ಸೇರುತ್ತದೆ. ಅಲ್ಲದೆ ಕ್ಲೋರೋಫಾರಂ 61 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಮೆಥನಾಲು ಸುಮಾರು 65 ಡಿಗ್ರಿಯಲ್ಲಿಯೂ ಕುದಿಯುವುವಾದರೂ, ಎರಡೂ ಬೆರೆತಾಗ ಒಂದು ನಿಶ್ಚಿತ ಪ್ರಮಾಣದ ಮಿಶ್ರಣವು ಅವೆರಡಕ್ಕಿಂತ ಕೆಳಗೆ, ಸುಮಾರು 53 ಡಿಗ್ರಿಯಲ್ಲಿ, ಒಟ್ಟಿಗೇ ಕುದಿಯುತ್ತದೆ. ಆದಕಾರಣ ಸಾಮಾನ್ಯ ಆಸವನದಿಂದ ಅವುಗಳನ್ನು ಬಿಡಿಸುವುದಾಗದು. ಕ್ಲೋರೋಫಾರಂ ಯಕೃತ್ತಿಗೂ ಮೂತ್ರಪಿಂಡಕ್ಕೂ ಹಾನಿಮಾಡುವ ವಸ್ತು. ಮಣ್ಣನ್ನು ಕೆಡಿಸದ ಚೀಲವೊಂದನ್ನು ತಯಾರಿಸಲು ಇಂಥ ದ್ರವವನ್ನು ನದಿಯ ದಡದಲ್ಲಿ ಲಕ್ಷ ಲೀಟರುಗಟ್ಟಲೆ ಹರಿದಾಡಿಸುವುದು ಯುಕ್ತವೇ? ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಸಂಸ್ಥೆಯವರು 1960ರ ಸುಮಾರಿನಲ್ಲಿ ದ್ರಾವಕದ ಮಾರ್ಗದಿಂದಲೇ ಪಿ.ಎಚ್.ಬಿ.ಯನ್ನು ತಯಾರಿಸಲು ಮೊದಲುಮಾಡಿ, ಬಳಿಕ ಆ ಪ್ರಯತ್ನವನ್ನೇ ಕೈಬಿಟ್ಟರು.

3. ಜೀರ್ಣದ ಮಾರ್ಗ

ಎರಡನೆಯ ಮಾರ್ಗದಲ್ಲಿ ಪಿ.ಎಚ್.ಬಿ.ಯನ್ನು ಮುಟ್ಟದೆ ಸುತ್ತಲಿನ ಕೋಶವನ್ನು ಜೀರ್ಣಗೊಳಿಸಬೇಕು. ಬಟ್ಟೆಯನ್ನು ಬಿಳುಪು ಮಾಡಲು ಉಪಯೋಗಿಸುವ ಸೋಡಿಯಂ ಹೈಪೋಕ್ಲೋರೈಟು ಈ ಕೆಲಸವನ್ನು ಶೀಘ್ರವಾಗಿ ಮಾಡುತ್ತದೆ. ಇದನ್ನು 1958ರಲ್ಲಿ ವಿಲಿಯಂಸನ್ ಮತ್ತು ವಿಲ್ಕಿನ್‌ಸನ್ನರು ಪ್ರಯೋಗಿಸಿ ತೋರಿಸಿದರು. ಪ್ರೋಟೀನುಗಳೂ ಪೊರೆಗಳೂ ಕರಗಿಹೋಗಿ ಪಿ.ಎಚ್.ಬಿ.ಯ ಕಣಗಳು ತಳದಲ್ಲಿ ನಿಲ್ಲುತ್ತವೆ. ಆದರೆ ಮೆಟ್ಟುಗತ್ತಿಯ ಏಟು ಅಡಕೆಗೂ ತಾಗುವಂತೆ, ಹೈಪೋಕ್ಲೋರೈಟು ಪಿ.ಎಚ್.ಬಿ.ಯ ಸರಪಳಿಗಳನ್ನೂ ಕಡಿಯುತ್ತದೆ. ಅಣುತೂಕವು ಬಹಳವಾಗಿ ಇಳಿದ ವಸ್ತುವಿನಿಂದ ಮಾಡಿದ ಹಾಳೆಯು ಪೆಡಸಾಗಿ ಬೇಗ ಬಿರಿಯುತ್ತದೆ. ಇದನ್ನು ತಪ್ಪಿಸಲೆಂದು ಹೈಪೋಕ್ಲೋರೈಟಿನೊಡನೆ ಕ್ಲೋರೋಫಾರಂ ಕೂಡಿಸುವ ವಿಧಾನವೂ ಉಂಟು. ಕೋಶದಿಂದ ಬಿಡುಗಡೆಯಾದ ಕೂಡಲೇ ಪಿ.ಎಚ್.ಬಿ.ಯು ಕ್ಲೋರೋಫಾರಂನೊಳಗೆ ಸೇರಿ ರಕ್ಷಣೆ ಪಡೆಯುತ್ತದೆ. ಗುಣವು ಉಳಿಯುವುದು ನಿಜ. ಆದರೆ ಹಿಂದೆ ಬಿಟ್ಟ ದ್ರಾವಕವು ಮತ್ತೆ ಬಾಗಿಲಿಗೆ ಬಂದಂತಾಯಿತು.

ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯವರು ಮೃದುವಾದ ಕ್ರಮವೊಂದನ್ನು ರೂಪಿಸಿದರು. ಕೋಶಗಳನ್ನು ಮೊದಲು ಕಾಯಿಸಿ ಸಡಿಲಗೊಳಿಸುವುದು. ಅನಂತರ ಪ್ರೋಟೀನನ್ನು ಅರಗಿಸುವ ಕಿಣ್ವಗಳಿಂದಲೂ ಸಾಬೂನಿನಂಥ ವಸ್ತುಗಳಿಂದಲೂ ಉಪಚರಿಸುವುದು. ಕಡೆಗೆ ಹೈಡ್ರೊಜನ್ ಪೆರಾಕ್ಸೈಡಿನಿಂದ ಬಿಳುಪುಗೊಳಿಸುವುದು. ಅವರ ಬಯೋಪಾಲ್ ಎಂಬ ವಸ್ತುವಿನಿಂದ ಮಾಡಿದ ಶಾಂಪೂ ಸೀಸೆಗಳು 1990ರಲ್ಲಿ ಜರ್ಮನಿಯ ಮಾರುಕಟ್ಟೆಗೆ ಬಂದವು. ಆದರೆ ಕಿಣ್ವಗಳ ಬೆಲೆ ಹೆಚ್ಚು. ಕಲ್ಲೆಣ್ಣೆಯ ಪ್ಲಾಸ್ಟಿಕ್ಕಿನ ಬೆಲೆ ಅತಿ ಕಡಿಮೆ. ಆ ಉದ್ಯಮವು ಕೈಯಿಂದ ಕೈಗೆ ಹೋಯಿತೇ ಹೊರತು ಜನಸಾಮಾನ್ಯರ ಚೀಲವಾಗಲಿಲ್ಲ.

ಈ ಕ್ಷೇತ್ರದಲ್ಲಿ ನಮ್ಮ ನಾಡಿನಲ್ಲಿಯೇ ಗಮನಾರ್ಹವಾದ ಕೆಲಸ ನಡೆದಿದೆ. 1950ರಲ್ಲಿ ಮೈಸೂರಿನಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಸಂಶೋಧಕರು ಕಿಣ್ವಗಳನ್ನು ಕೊಂಡು ತರುವುದರ ಬದಲು, ಮೈಕ್ರೊಬಿಸ್ಪೊರ ಎಂಬ ಇನ್ನೊಂದು ಸೂಕ್ಷ್ಮಜೀವಿಯನ್ನೂ ಅದರ ಕಿಣ್ವಗಳನ್ನೂ ಉಪಯೋಗಿಸಿ ಸೈನೊರೈಜೋಬಿಯಂ ಮೆಲಿಲೋಟಿಯ ಕೋಶಗಳಿಂದ ಪ್ಲಾಸ್ಟಿಕ್ಕನ್ನು ಬಿಡಿಸಿದರು. ಇದು 2006ರಲ್ಲಿ ಪ್ರಕಟವಾಯಿತು. ಒಂದು ಜೀವಿಯು ಕಟ್ಟಿದ ಕಣಜವನ್ನು ಇನ್ನೊಂದು ಜೀವಿಯಿಂದ ತೆರೆಸುವ ಉಪಾಯವಿದು. 2009ರಲ್ಲಿ ಅದೇ ಸಂಸ್ಥೆಯವರು ಬ್ಯಾಸಿಲಸ್ ಫ್ಲೆಕ್ಸಸ್ ಕೋಶಗಳನ್ನು ಜೀರ್ಣಗೊಳಿಸಿ, ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಫಾಸ್ಫೇಟುಗಳ ಜಲದ್ರಾವಣಗಳನ್ನು ಬಳಸಿ ಪ್ಲಾಸ್ಟಿಕ್ಕನ್ನು ಬೇರ್ಪಡಿಸಿದ ವಿಧಾನವನ್ನು ಪ್ರಕಟಿಸಿದರು. ಈ ಎರಡು ಜಲದ್ರಾವಣಗಳು ಎಣ್ಣೆ ನೀರುಗಳಂತೆ ಬೇರೆ ಬೇರೆ ಪದರಗಳಾಗಿ ನಿಲ್ಲುತ್ತವೆ. ಎರಡೂ ನೀರೇ ಆದ್ದರಿಂದ ವಿಷದ್ರಾವಕದ ಅವಶ್ಯಕತೆಯಿಲ್ಲ.

ಇವೆರಡಕ್ಕಿಂತಲೂ ಬೋಧಪ್ರದವಾದದ್ದು ಅವರ ಮತ್ತೊಂದು ಪರಿಶೀಲನೆ. ಅದೇ ಬ್ಯಾಸಿಲಸ್ ಫ್ಲೆಕ್ಸಸನ್ನು ಸಾವಯವ ಪೋಷಕಗಳಲ್ಲಿ ಬೆಳೆಸಿದಾಗಿಗಿಂತ ನಿರವಯವ ಲವಣಗಳಲ್ಲಿ ಬೆಳೆಸಿದಾಗ ಕೋಶಭಿತ್ತಿಯು ದುರ್ಬಲವಾಗಿದ್ದು, ಒಳಗಿನ ವಸ್ತುವನ್ನು ತೆಗೆಯುವುದು ಸುಲಭವೆಂದು ಕಂಡುಬಂದಿತು. ಇದರ ಅರ್ಥವೇನು? ಬೇರ್ಪಡಿಕೆಯ ಕೆಲಸವು ಕೊಯ್ಲಾದ ಮೇಲೆ ಮೊದಲಾಗುವುದಲ್ಲ. ಬ್ಯಾಕ್ಟೀರಿಯಾಕ್ಕೆ ಯಾವ ಆಹಾರವನ್ನು ಕೊಡಬೇಕೆಂದು ಯೋಚಿಸುವಾಗಲೇ ಮೊದಲಾಗುತ್ತದೆ. ಸಿಪ್ಪೆಯು ತೆಳುವಾಗಿ ಬೆಳೆಯುವಂತೆ ಮಾಡಿದರೆ ಸುಲಿಯಲು ಹರಿತವಾದ ಕತ್ತಿಯೇ ಬೇಕಾಗಿಲ್ಲ.

4. ಸ್ಥಳದಲ್ಲಿಯೇ ದೊರೆಯುವ ದ್ರಾವಕ

ದ್ರಾವಕದ ಮಾರ್ಗವನ್ನು ಸಂಪೂರ್ಣವಾಗಿ ತ್ಯಜಿಸಲೇಬೇಕೆಂದು ಇದರಿಂದ ತಿಳಿಯತಕ್ಕದ್ದಲ್ಲ. ಬ್ರೆಜಿಲ್ ದೇಶದ ಸಾವ್ ಪೌಲೊ ಪ್ರಾಂತದ ಸೆರಾನ ಎಂಬಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡಂತೆ ಪಿ.ಎಚ್.ಬಿ.ಯ ಪ್ರಾಯೋಗಿಕ ಸ್ಥಾವರವೊಂದು ಏರ್ಪಟ್ಟಿತು. ಅಲ್ಲಿ ಬ್ಯಾಕ್ಟೀರಿಯಾಕ್ಕೆ ಆಹಾರ ಕಬ್ಬಿನ ಸಕ್ಕರೆ. ಉಗಿಗೂ ವಿದ್ಯುತ್ತಿಗೂ ಆಧಾರ ಕಬ್ಬಿನ ಸಿಪ್ಪೆ. ದ್ರಾವಕವೋ, ಮದ್ಯಸಾರದ ಭಟ್ಟಿಯಲ್ಲಿಯೇ ಉಪವಸ್ತುವಾಗಿ ದೊರೆಯುವ ಐಸೊಅಮೈಲ್ ಆಲ್ಕೊಹಾಲ್. ಇದರಲ್ಲಿ ಕ್ಲೋರೀನ್ ಇಲ್ಲ. ಬಿಸಿಯಾಗಿರುವಾಗ ಪಿ.ಎಚ್.ಬಿ.ಯನ್ನು ಕರಗಿಸಿಕೊಂಡು, ತಣಿದಾಗ ಬಿಟ್ಟುಕೊಡುವ ಗುಣ ಇದಕ್ಕಿರುವುದರಿಂದ ಮೆಥನಾಲನ್ನು ಬೆರೆಸುವ ಪ್ರಮೇಯವೂ ಇಲ್ಲ. ಹೊರಗಿನಿಂದ ತಂದದ್ದು ಅತ್ಯಲ್ಪ. ಹೊರಕ್ಕೆ ಚೆಲ್ಲಿದ್ದೂ ಅತ್ಯಲ್ಪ.

ಈ ನಿದರ್ಶನವು ಭದ್ರಾವತಿಯವರಿಗೆ ಹೊಸದಾಗಿ ತೋರಬಾರದು. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯು 1923ರಲ್ಲಿ ಕೆಲಸಮಾಡತೊಡಗಿತು. ಅದಕ್ಕೆ ಬೇಕಾದದ್ದು ಕಾಡಿನ ಸೌದೆಯ ಇದ್ದಲು. ಸೌದೆಯನ್ನು ಸುಮ್ಮನೆ ಸುಟ್ಟು ಇದ್ದಲು ಮಾಡಿದರೆ ಹೊಗೆಯು ಗಾಳಿಯ ಪಾಲಾಗುತ್ತದೆ. ಭದ್ರಾವತಿಯಲ್ಲಾದರೋ ಮುಚ್ಚಿದ ಪಾತ್ರೆಗಳಲ್ಲಿ ಸೌದೆಯನ್ನು ಕಾಯಿಸಿ, ಹೊಗೆಯನ್ನು ತಣಿಸಿ, ಅದರಿಂದ ಕ್ಯಾಲ್ಸಿಯಂ ಅಸಿಟೇಟು, ಮೆಥನಾಲು ಮತ್ತು ಮರದ ಡಾಂಬರುಗಳನ್ನು ಪಡೆಯುವ ದೊಡ್ಡ ಸ್ಥಾವರವನ್ನು ಕಾರ್ಖಾನೆಯೊಡನೆಯೇ ಕಟ್ಟಲಾಗಿತ್ತು. 1923ರಿಂದ 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಮರದ ಭಟ್ಟಿಯ ಆ ಕಾಲವು ಮುಗಿದು ಹಲವು ದಶಕಗಳಾದವು. ಇದ್ದಲಿಗಾಗಿ ಕಾಡನ್ನು ಕಡಿಯುವುದು ಇಂದು ಯಾರಿಗೂ ಸಮ್ಮತವಲ್ಲ. ಆದರೆ ಉಪವಸ್ತುವನ್ನು ಚೆಲ್ಲದೆ ಮರಳಿ ಪಡೆಯಬೇಕೆಂಬ ವಿಚಾರವು ಈ ಊರಿನ ಉದ್ಯಮದ ಬುನಾದಿಯಲ್ಲಿಯೇ ಇತ್ತೆಂಬುದು ನೆನಪಿಡತಕ್ಕ ಸಂಗತಿ. ಅಂದು ಹೊಗೆಯಿಂದ ಪಡೆದ ಅಸಿಟೇಟಿನಲ್ಲಿರುವ ಎರಡು ಇಂಗಾಲದ ಘಟಕವನ್ನೇ ಜೋಡಿಸಿ ಬ್ಯಾಕ್ಟೀರಿಯಾ ಪಿ.ಎಚ್.ಬಿ.ಯನ್ನು ಕಟ್ಟುತ್ತವೆಂಬುದು ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಸ್ವಾರಸ್ಯವಾಗಿ ತೋರಬಹುದು.

1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯೂ ಇದೇ ಊರಿನದು. ಮುಂದೆ ಅದಕ್ಕೆ ಸಕ್ಕರೆಯ ವಿಭಾಗವೂ ಸೇರಿತ್ತು. 2010ರ ದಶಕದಲ್ಲಿ ಅಲ್ಲಿಯ ಉತ್ಪಾದನೆಯು ನಿಂತುಹೋಯಿತು. ಆದರೂ ಭದ್ರೆಯ ನೀರಿನ ಕಬ್ಬು ಬತ್ತಗಳೂ, ಅಕ್ಕಿ ಗಿರಣಿಗಳ ತೌಡೂ, ಅಡಕೆಯ ಸಿಪ್ಪೆಯೂ ಈ ಸೀಮೆಯಲ್ಲಿ ಇದ್ದೇ ಇವೆ. ಬ್ಯಾಕ್ಟೀರಿಯಾದ ಆಹಾರಕ್ಕೆ ಇಲ್ಲಿ ಬರವಿಲ್ಲ. ಹೊರತೆಗೆಯುವ ಕ್ರಮ ಯಾವುದೆಂಬುದೇ ಉಳಿದಿರುವ ಪ್ರಶ್ನೆ.

5. ಕಾಲೇಜಿನ ಪ್ರಯೋಗಶಾಲೆಯಲ್ಲಿ

ಈ ಪ್ರಶ್ನೆಯನ್ನು ಪದವಿ ತರಗತಿಯ ವಿದ್ಯಾರ್ಥಿಗಳು ಸಣ್ಣ ಪ್ರಮಾಣದಲ್ಲಿ ತಾವೇ ಪರೀಕ್ಷಿಸಬಹುದು. ಗದ್ದೆಯ ಮಣ್ಣನ್ನು ನೀರಿನಲ್ಲಿ ಕದಡಿ 80 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದರೆ, ಬೀಜಕ ಕಟ್ಟುವ ಬ್ಯಾಸಿಲಸ್ ಜಾತಿಗಳು ಮುಖ್ಯವಾಗಿ ಉಳಿಯುತ್ತವೆ. ಸಕ್ಕರೆಯು ಹೆಚ್ಚಾಗಿಯೂ ಅಮೋನಿಯಂ ಲವಣವು ಕಡಿಮೆಯಾಗಿಯೂ ಇರುವ ಮಾಧ್ಯಮದಲ್ಲಿ ಅವನ್ನು ಬೆಳೆಸಿ, ಸುಡಾನ್ ಬ್ಲ್ಯಾಕ್ ಮತ್ತು ಸಫ್ರನಿನ್ ಬಣ್ಣಗಳನ್ನು ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಸುಗೆಂಪಾದ ಕೋಶಗಳೊಳಗೆ ಕಪ್ಪು ನೀಲಿಯ ಕಣಗಳು ಕಾಣುವುವು. ಪಿ.ಎಚ್.ಬಿ.ಯನ್ನು ಬಲವಾದ ಗಂಧಕಾಮ್ಲದಲ್ಲಿ ಕಾಯಿಸಿದಾಗ ಕ್ರೊಟೋನಿಕ್ ಆಮ್ಲವುಂಟಾಗಿ, ಅದು 235 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಹೀರುತ್ತದೆ. ಹೀರಿದ ಪ್ರಮಾಣದಿಂದ ಪಿ.ಎಚ್.ಬಿ.ಯ ಮೊತ್ತವನ್ನು ತಿಳಿಯುವ ಈ ವಿಧಾನವನ್ನು 1961ರಲ್ಲಿ ಲಾ ಮತ್ತು ಸ್ಲೆಪೆಕಿಯವರು ತಿಳಿಸಿಕೊಟ್ಟರು. ಹೈಪೋಕ್ಲೋರೈಟಿಗೆ ಆಮ್ಲವನ್ನಾಗಲಿ, ಕ್ಷಾರವಿರುವ ಕ್ಲೋರೋಫಾರಂಗೆ ಅಸಿಟೋನನ್ನಾಗಲಿ ಎಂದಿಗೂ ಬೆರೆಸಕೂಡದು. ಮೊದಲನೆಯದರಿಂದ ಕ್ಲೋರೀನ್ ಹೊರಬೀಳುವುದು, ಎರಡನೆಯದು ಸಿಡಿಯಬಹುದು. ಕೆಲಸವೆಲ್ಲ ಅಧ್ಯಾಪಕರ ಸಮ್ಮುಖದಲ್ಲಿ, ಹೊಗೆಗೂಡಿನೊಳಗೆ ನಡೆಯತಕ್ಕದ್ದು.

ಫಲಿತಾಂಶವನ್ನು ಬರೆಯುವಾಗ ಮೂರು ಲೆಕ್ಕಗಳನ್ನು ಕೊಡುವುದು ವಾಡಿಕೆ. ನಿದರ್ಶನಕ್ಕೆ, 100 ಗ್ರಾಂ ಒಣಕೋಶಗಳಲ್ಲಿ 60 ಗ್ರಾಂ ಪಿ.ಎಚ್.ಬಿ. ಇದ್ದು, ಹೊರತೆಗೆದ ಪುಡಿಯು 57 ಗ್ರಾಂ ತೂಗಿ, ಅದರಲ್ಲಿ ನಿಜವಾದ ಪಿ.ಎಚ್.ಬಿ. 54 ಗ್ರಾಂ ಎಂದಾದರೆ, ದೊರೆತ ಪಾಲು ನೂರಕ್ಕೆ 90. ಶುದ್ಧತೆ ನೂರಕ್ಕೆ ಸುಮಾರು 95. ಮೂರನೆಯದು ಅಣುತೂಕ. ಇವುಗಳೊಡನೆ ನಾಲ್ಕನೆಯ ಲೆಕ್ಕವೊಂದನ್ನು ವಿದ್ಯಾರ್ಥಿಗಳು ತಪ್ಪದೆ ಬರೆಯಬೇಕೆಂದು ಸೂಚಿಸುತ್ತೇವೆ. ಒಂದು ಗ್ರಾಂ ಪಿ.ಎಚ್.ಬಿ.ಯನ್ನು ಪಡೆಯಲು ಎಷ್ಟು ದ್ರಾವಕ, ಎಷ್ಟು ಕ್ಷಾರ, ಎಷ್ಟು ನೀರು ವೆಚ್ಚವಾಯಿತು. ಅದರಲ್ಲಿ ಎಷ್ಟನ್ನು ಮರಳಿ ಪಡೆಯಲಾಯಿತು. ಉಳಿದದ್ದು ಎಲ್ಲಿಗೆ ಹೋಯಿತು? ಕ್ಲೋರೋಫಾರಂ, ಹೈಪೋಕ್ಲೋರೈಟು, ಸೌಮ್ಯವಾದ ಕ್ಷಾರ ಎಂಬ ಮೂರು ವಿಧಾನಗಳನ್ನು ಒಂದೇ ಕೋಶರಾಶಿಯ ಮೇಲೆ ನಡೆಸಿ ಈ ನಾಲ್ಕು ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದರೆ, ಮೊದಲನೆಯ ಮೂರರಲ್ಲಿ ಮುಂದಿರುವ ವಿಧಾನವು ನಾಲ್ಕನೆಯದರಲ್ಲಿ ಹಿಂದೆ ಬೀಳಬಹುದೆಂಬುದು ತಾನಾಗಿಯೇ ಗೋಚರವಾಗುವುದು. ಕ್ಷಾರದಿಂದ ಜೀರ್ಣವಾದ ಕೋಶರಸವನ್ನು ತಟಸ್ಥಗೊಳಿಸಿದರೆ ಅದರಲ್ಲಿರುವ ಸಾರಜನಕವು ಮತ್ತೊಂದು ಬ್ಯಾಕ್ಟೀರಿಯಾ ಬೆಳೆಗೆ ಆಹಾರವಾದೀತೇ ಎಂಬುದೂ ಪರೀಕ್ಷೆಗೆ ಯೋಗ್ಯವಾದ ವಿಷಯ.

ಭದ್ರಾವತಿಯ ಬಳಿ ಹರಿದ ಭದ್ರೆಯೂ ಶಿವಮೊಗ್ಗದ ಬಳಿ ಹರಿದ ತುಂಗೆಯೂ ಕೂಡಲಿಯಲ್ಲಿ ಒಂದಾಗಿ ಮುಂದೆ ಬಯಲು ಸೀಮೆಗೆ ಸಾಗುತ್ತವೆ. ಮೇಲಿನ ಊರುಗಳಲ್ಲಿ ನದಿಗೆ ಬಿಟ್ಟದ್ದನ್ನು ಕೆಳಗಿನ ಊರುಗಳವರು ಕುಡಿಯಬೇಕಾಗುವುದು. ಹೀಗಿರಲಾಗಿ, ವಸ್ತುವು ಮಣ್ಣಿನಲ್ಲಿ ಕೊಳೆಯುತ್ತದೆಂಬ ಒಂದೇ ಕಾರಣದಿಂದ ಅದನ್ನು ನಿರ್ದೋಷವೆಂದು ಒಪ್ಪುವುದಕ್ಕಾಗದು. ಅದನ್ನು ಕೋಶದಿಂದ ಬಿಡಿಸಿದ ಬಗೆಯೂ ನದಿಗೆ ನಿರ್ದೋಷವಾಗಿರಬೇಕು. ಮೈಸೂರಿನ ಮತ್ತು ಬ್ರೆಜಿಲಿನ ಪ್ರಯತ್ನಗಳು ಇದು ಅಸಾಧ್ಯವಲ್ಲವೆಂಬುದನ್ನು ತೋರಿಸಿವೆ. ಈ ಸೀಮೆಯ ಬೆಳೆಗೂ ನೀರಿಗೂ ಹೊಂದುವ ಕ್ರಮವನ್ನು ಕಂಡುಹಿಡಿಯುವ ಕೆಲಸವು ಇಲ್ಲಿಯ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಸೇರಿದ್ದು.